ಚಳಿಗಾಲದಲ್ಲಿ ಹಿತ್ತಲ ಕೋಳಿಗಳ ಆರೈಕೆ



ಕಾರ್ತಿಕ ಕಳೆದು ಮಾರ್ಗಶಿರ ಹಿಡಿಯಿತೆಂದರೆ ನಮ್ಮ ರಾಗಿ ಸೀಮೆಯಲ್ಲಿ ಬೆಳಗಿನ ಮಂಜು ಇಳಿಯತೊಡಗುತ್ತದೆ. ಹೊಲದಲ್ಲಿ ಕೊಯ್ಲು, ಕಣದಲ್ಲಿ ಒಕ್ಕಣೆ, ಮನೆಯಲ್ಲಿ ಅವರೆಕಾಯಿ ಸುಲಿಯುವ ಸಂಭ್ರಮ. ಇಷ್ಟು ಕೆಲಸದ ನಡುವೆ ಹಿತ್ತಲಿನ ಏಳೆಂಟು ಕೋಳಿಗಳ ಕಡೆ ತಿರುಗಿ ನೋಡಲು ಯಾರಿಗೆ ಬಿಡುವು? ಸಂಜೆ ಕುಕ್ಕೆ ಮುಚ್ಚುವುದು, ಬೆಳಗ್ಗೆ ತೆಗೆಯುವುದು, ಅಷ್ಟಕ್ಕೇ ಆರೈಕೆ ಮುಗಿಯುತ್ತದೆ. ಹೀಗಿರುವಾಗ ಒಂದು ದಿನ ಕುಕ್ಕೆ ಎತ್ತಿದರೆ ಒಳ್ಳೆಯದೊಂದು ಯಾಟೆ ಕಾಲು ಚಾಚಿ ಬಿದ್ದಿರುತ್ತದೆ. "ರಾತ್ರಿ ಚಳಿ ಬಹಳ ಇತ್ತು, ಪಾಪ, ಚಳಿಗೆ ಸತ್ತಿದೆ" ಎಂದು ಮನೆಯವರು ಅಂದುಕೊಳ್ಳುತ್ತಾರೆ. ಆ ರಾತ್ರಿ ಕುಕ್ಕೆಯ ಮೇಲೆ ಇನ್ನೆರಡು ಗೋಣಿಚೀಲ ಬೀಳುತ್ತವೆ. ಮರುದಿನ ಮತ್ತೆರಡು ಸಾಯುತ್ತವೆ. ಇನ್ನೂ ಬೆಚ್ಚಗಿರಲೆಂದು ಕುಕ್ಕೆಯನ್ನೇ ಒಳಗಿನ ಮೂಲೆಗೆ ತಂದಿಡುತ್ತಾರೆ. ಸಂಕ್ರಾಂತಿಯ ಹೊತ್ತಿಗೆ ಕುಕ್ಕೆ ಬರಿದಾಗಿರುತ್ತದೆ.

ಹಿತ್ತಲ ಕೋಳಿಯ ದುಡ್ಡು ಹೆಚ್ಚಿನ ಮನೆಗಳಲ್ಲಿ ಹೆಂಗಸರ ಕೈಯ ದುಡ್ಡು. ಮಕ್ಕಳ ಪುಸ್ತಕಕ್ಕೆ, ಆಸ್ಪತ್ರೆಗೆ ಹೋಗುವ ಬಸ್ಸಿನ ಚಾರ್ಜಿಗೆ, ಯಾರಲ್ಲಿಯೂ ಕೇಳದೆ ತೆಗೆದು ಕೊಡಬಹುದಾದ ದುಡ್ಡು ಅದು. ಹಬ್ಬ, ಜಾತ್ರೆಗಳು ಬಂದು ನಾಟಿ ಕೋಳಿಗೆ ಒಳ್ಳೆಯ ಬೆಲೆ ಸಿಗುವ ಕಾಲದಲ್ಲೇ ಕುಕ್ಕೆ ಬರಿದಾದರೆ ಆ ನಷ್ಟ ಚಿಕ್ಕದೇನೂ ಅಲ್ಲ. ಆದುದರಿಂದ ಈ ಸಾವುಗಳಿಗೆ ನಿಜವಾಗಿಯೂ ಚಳಿಯೇ ಕಾರಣವೇ ಎಂಬುದನ್ನು ಮೊದಲು ವಿಚಾರ ಮಾಡೋಣ.

ಕೋಳಿಯ ಮೈಯ ಕಾವು ನಮ್ಮ ಮೈಗಿಂತ ಹೆಚ್ಚು. ನಮ್ಮದು ಸುಮಾರು ೩೭ ಡಿಗ್ರಿ ಸೆಂಟಿಗ್ರೇಡ್ ಇದ್ದರೆ ಅದರದು ೪೧ರ ಆಸುಪಾಸು. ಆ ಕಾವನ್ನು ಹಿಡಿದಿಟ್ಟುಕೊಳ್ಳಲು ದೇವರು ಅದಕ್ಕೆ ಗರಿಯ ಹೊದಿಕೆ ಕೊಟ್ಟಿದ್ದಾನೆ. ಚಳಿಯಾದಾಗ ಕೋಳಿ ಗರಿ ಕೆದರಿಕೊಂಡು ಉಬ್ಬಿ ಕೂರುವುದನ್ನು ನೀವು ನೋಡಿದ್ದೀರಿ. ಗರಿಗಳ ನಡುವೆ ನಿಂತ ಗಾಳಿಯೇ ಅದಕ್ಕೆ ಕಂಬಳಿ. ಒಂದು ಕಾಲನ್ನು ಹೊಟ್ಟೆಯ ಗರಿಯೊಳಗೆ ಎಳೆದುಕೊಂಡು, ತಲೆಯನ್ನು ರೆಕ್ಕೆಯೊಳಗೆ ಹುದುಗಿಸಿಕೊಂಡರೆ ಅದರ ಇರುಳು ಸುಖವಾಗಿ ಕಳೆಯುತ್ತದೆ. ನಮ್ಮ ಬಯಲು ಸೀಮೆಯಲ್ಲಿ ಚಳಿಗಾಲದ ರಾತ್ರಿ ಸಾಮಾನ್ಯವಾಗಿ ೧೨ರಿಂದ ೧೬ ಡಿಗ್ರಿ ಇರುತ್ತದೆ. ಬೀದರ್, ವಿಜಯಪುರದ ಕಡೆ ಕೆಲವು ದಿನ ಹತ್ತಕ್ಕಿಂತ ಕೆಳಗೆ ಇಳಿಯುವುದೂ ಉಂಟು. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣತೆ ೧೮೮೪ರ ಜನವರಿಯ ೭.೮ ಡಿಗ್ರಿ. ಹಿಮ ಬೀಳುವ ಕಾಶ್ಮೀರ, ಹಿಮಾಚಲಗಳ ಹಳ್ಳಿಗಳಲ್ಲಿಯೂ ಜನ ಕೋಳಿ ಸಾಕುತ್ತಾರೆ. ಆದಕಾರಣ ಮೈ ಒಣಗಿರುವ, ಹೊಟ್ಟೆ ತುಂಬಿರುವ, ರೋಗವಿಲ್ಲದ ದೊಡ್ಡ ಕೋಳಿ ನಮ್ಮ ಚಳಿಗೆ ಸಾಯುವುದಿಲ್ಲ. ಹುಣಸೆಮರದ ಮೇಲೋ ನುಗ್ಗೆಮರದ ಮೇಲೋ ಮಲಗುವ ಹಠಮಾರಿ ಕೋಳಿಯೊಂದು ಎಲ್ಲ ಊರಿನಲ್ಲಿಯೂ ಇರುತ್ತದೆ. ಅದು ಇಡೀ ರಾತ್ರಿ ಮಂಜಿನಲ್ಲಿ ಕೂತಿದ್ದು ಬೆಳಗ್ಗೆ ಕೂಗುತ್ತಾ ಇಳಿದು ಬರುತ್ತದೆ. ಅದಕ್ಕೆ ಕಾಡುಬೆಕ್ಕಿನ ಭಯವೇ ಹೊರತು ಚಳಿಯ ಭಯವಿಲ್ಲ. ಮೂರು ಗೋಣಿಚೀಲದ ಕೆಳಗೆ ಮಲಗಿದ ಕೋಳಿ ಮಾತ್ರ ಮೂಗು ಸೋರಿಸಿಕೊಂಡು ಮಂಕಾಗಿ ಹೊರಬರುತ್ತದೆ.

ಇದಕ್ಕೆ ಕಾರಣ ಉಂಟು.

ಇರುಳಿನ ಗೂಡು

ಕೋಳಿ ಮಲಗಿದಲ್ಲೇ ಹಿಕ್ಕೆ ಹಾಕುತ್ತದೆ. ಹಿಕ್ಕೆಯಲ್ಲಿ ಬಹುಪಾಲು ನೀರು. ಉಸಿರಿನಿಂದಲೂ ನೀರಿನ ಆವಿ ಹೊರಡುತ್ತದೆ. ಸುತ್ತಲೂ ಬಿಗಿಯಾಗಿ ಮುಚ್ಚಿದ ಕುಕ್ಕೆಯಲ್ಲಿ ಈ ತೇವ ಎಲ್ಲಿಗೂ ಹೋಗದೆ ಗರಿಗಳಿಗೇ ಅಂಟಿಕೊಳ್ಳುತ್ತದೆ. ಒದ್ದೆಯಾದ ಗರಿ ಒದ್ದೆ ಕಂಬಳಿ ಇದ್ದ ಹಾಗೆ, ಅದರಲ್ಲಿ ಕಾವು ನಿಲ್ಲುವುದಿಲ್ಲ. ಇದಲ್ಲದೆ ಹಿಕ್ಕೆಯಿಂದ ಅಮೋನಿಯಾ ಎಂಬ ಘಾಟು ಅನಿಲ ಏಳುತ್ತದೆ. ಅದು ಕೋಳಿಯ ಕಣ್ಣು, ಮೂಗು, ಶ್ವಾಸನಾಳವನ್ನು ಉರಿಸಿ ಹುಣ್ಣು ಮಾಡುತ್ತದೆ. ಹುಣ್ಣಾದ ಶ್ವಾಸನಾಳದಲ್ಲಿ ರೋಗಾಣುಗಳಿಗೆ ಸುಲಭವಾಗಿ ದಾರಿ ಸಿಗುತ್ತದೆ. ಬೆಚ್ಚಗಿರಲೆಂದು ಮಾಡಿದ್ದೇ ಕೋಳಿಯನ್ನು ನೆಗಡಿಗೆ ಒಪ್ಪಿಸಿದಂತಾಗುತ್ತದೆ.

ನಿಮ್ಮ ಗೂಡು ಹೇಗಿದೆಯೆಂದು ಪರೀಕ್ಷಿಸಲು ಯಾವ ಉಪಕರಣವೂ ಬೇಡ. ನಾಳೆ ಬೆಳಗಿನ ಜಾವ, ಬಾಗಿಲು ತೆಗೆದ ಕೂಡಲೇ ನಿಮ್ಮ ಮುಖವನ್ನು ಗೂಡಿನ ಬಾಯಿಗೆ ತನ್ನಿ. ಕಣ್ಣು ಉರಿದರೆ, ಮೂಗು ಹಿಂದೆ ಸರಿದರೆ ಆ ಗಾಳಿಯಲ್ಲಿ ಕೋಳಿ ಹನ್ನೆರಡು ಗಂಟೆ ಕಳೆದಿದೆ ಎಂದು ತಿಳಿಯಿರಿ. ಮುಚ್ಚಳದ ಒಳಮೈಯನ್ನು ಕೈಯಿಂದ ಸವರಿ ನೋಡಿ. ನೀರಿನ ಹನಿ ಕೈಗೆ ಹತ್ತಿದರೆ ಗೂಡಿಗೆ ಗಾಳಿ ಸಾಲದು.

ಹಾಗೆಂದು ನಾಲ್ಕೂ ಕಡೆ ತೆರೆದಿಡಬೇಕೆಂದಲ್ಲ. ಬೀಸುವ ಗಾಳಿ ಮೈಗೆ ತಾಕಿದರೆ ಗರಿ ಕೆದರಿ ಕಾವು ಹಾರಿಹೋಗುತ್ತದೆ. ಈ ತಿಂಗಳುಗಳಲ್ಲಿ ನಮಗೆ ಗಾಳಿ ಮೂಡಲಿಂದಲೂ ಈಶಾನ್ಯದಿಂದಲೂ ಬೀಸುತ್ತದೆ. ಆದುದರಿಂದ ಮೂಡಣ ಮತ್ತು ಬಡಗಣ ಪಕ್ಕಗಳನ್ನು ಕೋಳಿ ಕೂತಾಗ ಅದರ ತಲೆಗಿಂತ ಒಂದು ಗೇಣು ಎತ್ತರದವರೆಗೆ ಮಣ್ಣಿನ ಗೋಡೆಯಿಂದಲೋ, ಹೆಣೆದ ತಡಿಕೆಯಿಂದಲೋ, ಗೋಣಿಯಿಂದಲೋ ಮುಚ್ಚಿರಿ. ಅದರ ಮೇಲೆ, ಸೂರಿನ ಕೆಳಗೆ, ನಾಲ್ಕು ಬೆರಳಿನಷ್ಟು ಕಂಡಿ ಉದ್ದಕ್ಕೂ ತೆರೆದಿರಲಿ. ಒಳಗಿನ ಬಿಸಿ ಗಾಳಿ ತೇವವನ್ನೂ ಘಾಟನ್ನೂ ಹೊತ್ತುಕೊಂಡು ಮೇಲೇರಿ ಆ ಕಂಡಿಯಿಂದ ಹೊರಗೆ ಹೋಗುತ್ತದೆ. ಕೆಳಗೆ ಕೂತ ಕೋಳಿಗೆ ಗಾಳಿ ಬಡಿಯುವುದಿಲ್ಲ. ಅಡುಗೆಮನೆಯ ಹೊಗೆ ಹೋಗಲು ಸೂರಿನಲ್ಲಿ ಗವಾಕ್ಷಿ ಇಡುತ್ತಿದ್ದ ನಮ್ಮ ಹಿರಿಯರಿಗೆ ಇದನ್ನು ಹೇಳಿಕೊಡಬೇಕಾಗಿರಲಿಲ್ಲ. ಕಂಡಿಗೆ ತಂತಿಯ ಜಾಲರಿ ಬಡಿಯುವುದನ್ನು ಮಾತ್ರ ಮರೆಯಬೇಡಿ, ಮುಂಗುಸಿಗೆ ನಾಲ್ಕು ಬೆರಳಿನ ಜಾಗ ಧಾರಾಳ ಸಾಕು. ಬಾಗಿಲು ತೆಂಕಲಿಗೆ ಇದ್ದರೆ ಚಳಿಗಾಲದ ಓರೆ ಬಿಸಿಲು ಒಳಗೆ ಬಂದು ನೆಲ ಒಣಗುತ್ತದೆ.

ಕುಕ್ಕೆಯಲ್ಲಿಯೇ ಮುಚ್ಚುವವರು ಗೋಣಿಯನ್ನು ಪಕ್ಕಗಳಿಗೆ ಮಾತ್ರ ಸುತ್ತಿ, ನೆತ್ತಿಯನ್ನು ಗಾಳಿಯಾಡುವಂತೆ ಬಿಡಬೇಕು. ಒಂದು ಕೋಳಿಗೆ ಒಂದು ಚದರ ಅಡಿಗಿಂತ ಕಡಿಮೆ ಜಾಗ ಕೂಡದು. ಮರಿಯಾಗಿದ್ದಾಗ ಆರು ಹಿಡಿಸುತ್ತಿದ್ದ ಕುಕ್ಕೆಯಲ್ಲಿಯೇ ಅವು ಬೆಳೆದ ಮೇಲೂ ಆರನ್ನು ತುರುಕುವುದು ಎಲ್ಲೆಡೆ ಕಾಣುವ ತಪ್ಪು.

ನೆಲಕ್ಕಿಂತ ಕೋಲಿನ ಮೇಲೆ ಕೂತ ಕೋಳಿ ಹೆಚ್ಚು ಸುಖಿ. ನೆಲದಿಂದ ಎರಡಡಿ ಎತ್ತರದಲ್ಲಿ ಅಡ್ಡಕ್ಕೆ ಒಂದು ಮರದ ಪಟ್ಟಿ ಕಟ್ಟಿರಿ. ಅದು ಎರಡು ಅಂಗುಲ ಅಗಲವಿದ್ದು, ಅಂಚು ದುಂಡಗಿರಲಿ. ಅಗಲ ಇದ್ದರೆ ಕೋಳಿ ಕೂತಾಗ ಎದೆಯ ಗರಿ ಕಾಲ್ಬೆರಳುಗಳನ್ನು ಪೂರ್ತಿ ಮುಚ್ಚುತ್ತದೆ. ಒಂದೊಂದಕ್ಕೆ ಎಂಟು ಅಂಗುಲ ಜಾಗ ಸಾಕು. ಹಳೆಯ ಕೊಳವೆ ಬಾವಿಯ ಕಬ್ಬಿಣದ ಪೈಪು ಬಿದ್ದಿದೆಯೆಂದು ಅದನ್ನೇ ಕಟ್ಟುವವರಿದ್ದಾರೆ. ಕಬ್ಬಿಣ ಇರುಳೆಲ್ಲ ಕಾಲಿನ ಕಾವನ್ನು ಹೀರುತ್ತದೆ, ಅದು ಬೇಡ.

ನೆಲಕ್ಕೆ ಮೂರು ಅಂಗುಲ ದಪ್ಪಕ್ಕೆ ಭತ್ತದ ಹೊಟ್ಟನ್ನಾಗಲಿ, ಕಡಲೆಕಾಯಿ ಸಿಪ್ಪೆಯನ್ನಾಗಲಿ, ಒಣಗಿದ ತರಗನ್ನಾಗಲಿ ಹರಡಿರಿ. ಎರಡು ದಿನಕ್ಕೊಮ್ಮೆ ಕೋಲಿನಿಂದ ಕೆದಕಿ ಮಗುಚಿ, ಒದ್ದೆಯಾದ ಕಡೆಯದನ್ನು ತೆಗೆದು ತಿಪ್ಪೆಗೆ ಹಾಕಿರಿ. ಮಳೆಗೆ ನೆನೆದು ಬೂಸಲು ಹಿಡಿದ ಹುಲ್ಲನ್ನು ದನ ತಿನ್ನುವುದಿಲ್ಲವೆಂದು ಕೋಳಿಗೆ ಹಾಸುವುದು ಅಪಾಯ. ಆ ಬೂಸಲಿನ ಧೂಳು ಪುಪ್ಪುಸಕ್ಕೆ ಇಳಿದು ಮರಿಗಳನ್ನು ಕೊಲ್ಲುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕೋಳಿಗೆ ಚಳಿಯಾಗುವುದೆಂದು ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡಬೇಡಿ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಲ್ಲೇ ಇರುತ್ತಾರೆ. ಕೋಳಿಗಳ ಜೊತೆಗೆ ಅದೇ ಕೋಣೆಯಲ್ಲಿ ಮಲಗಿದ ಮನೆಯ ಜನರಿಗೂ ಇದೇ ಗತಿ. ದೊಡ್ಡ ಕೋಳಿಗೆ ಬೆಂಕಿಯ ಅಗತ್ಯವೇ ಇಲ್ಲ.

ಮೇವು, ನೀರು, ಮೊಟ್ಟೆ

ಇರುಳಿನಲ್ಲಿ ಕೋಳಿಗೆ ಕಾವು ಬರುವುದು ಹೊಟ್ಟೆಯಲ್ಲಿರುವ ಕಾಳಿನಿಂದ. ಕತ್ತಿನ ಬುಡದಲ್ಲಿರುವ ಕಾಳಿನ ಚೀಲವನ್ನು ಸಂಜೆ ಮುಟ್ಟಿ ನೋಡಿದರೆ ಅದು ತುಂಬಿ ಗಟ್ಟಿಯಾಗಿರಬೇಕು. ಆದುದರಿಂದ ಚಳಿಗಾಲದಲ್ಲಿ ಕಾಳು ಹಾಕುವ ಹೊತ್ತು ಸಂಜೆ. ಗೂಡಿಗೆ ಸೇರುವ ಅರ್ಧ ಗಂಟೆ ಮುಂಚೆ ಒಂದೊಂದಕ್ಕೆ ಒಂದು ಹಿಡಿ ರಾಗಿ, ಜೋಳ ಅಥವಾ ಒಡೆದ ಮೆಕ್ಕೆಜೋಳ ಹಾಕಿರಿ. ಕಣ ನಡೆಯುವ ದಿನಗಳಲ್ಲಿ ಅಲ್ಲಿ ಚೆಲ್ಲಿದ ಕಾಳೇ ಸಾಕಾಗುತ್ತದೆ. ಆಗ ಕೊರತೆಯಾಗುವುದು ಹುಳುಹುಪ್ಪಟೆ ಮತ್ತು ಹಸಿರು. ಮಳೆಗಾಲದಲ್ಲಿ ಕೆದಕಿದಲ್ಲೆಲ್ಲ ಎರೆಹುಳು ಸಿಗುತ್ತಿದ್ದ ನೆಲ ಈಗ ಒಣಗಿ ಗಟ್ಟಿಯಾಗಿರುತ್ತದೆ. ಹಳೆಯ ಮಡಕೆಯೊಂದರಲ್ಲಿ ಒದ್ದೆ ಮಾಡಿದ ಹುಲ್ಲು, ಸಗಣಿ ತುಂಬಿ ಗೆದ್ದಲಿರುವ ಜಾಗದಲ್ಲಿ ಸಂಜೆ ಬೋರಲು ಹಾಕಿದರೆ ಬೆಳಗಿನ ಹೊತ್ತಿಗೆ ಅದರಲ್ಲಿ ಗೆದ್ದಲು ಮುತ್ತಿರುತ್ತದೆ. ಮರಿಗಳಿಗೆ ಅದಕ್ಕಿಂತ ಒಳ್ಳೆಯ, ಕಾಸಿಲ್ಲದ ಮೇವು ಬೇರೆ ಇಲ್ಲ. ನುಗ್ಗೆಸೊಪ್ಪು, ಅಗಸೆಸೊಪ್ಪನ್ನು ಕಟ್ಟು ಕಟ್ಟಿ ಕೋಳಿ ಎಟುಕುವಷ್ಟು ಎತ್ತರದಲ್ಲಿ ತೂಗುಹಾಕಿರಿ. ನೆಲಕ್ಕೆ ಎಸೆದರೆ ತುಳಿದು ಹಾಳುಮಾಡುತ್ತವೆ.

ಕಡಲೆಕಾಯಿ ಹಿಂಡಿ ಒಳ್ಳೆಯದು, ಆದರೆ ಅದಕ್ಕೆ ಬೂಸಲು ತಾಗಿರಬಾರದು. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಒಂದೇ ಬಾರಿಗೆ ಸತ್ತುಹೋದವು. ಅವುಗಳ ಮೇವಿನಲ್ಲಿದ್ದ ಕಡಲೆಕಾಯಿ ಹಿಂಡಿಗೆ ಬೂಸಲು ಹಿಡಿದಿದ್ದುದೇ ಕಾರಣವೆಂದು ಆಮೇಲೆ ತಿಳಿಯಿತು. ಆ ಬೂಸಲಿನ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಿಟ್ಟರು. ಹಿಂಗಾರಿನ ಮಳೆಗೆ ಸಿಕ್ಕಿ ತೆನೆಯಲ್ಲೇ ಕಪ್ಪಾದ ಮೆಕ್ಕೆಜೋಳದಲ್ಲಿಯೂ ಇದೇ ವಿಷ ಇರಬಹುದು. ಮಾರಲು ಬಾರದ್ದು ಕೋಳಿಗಾದರೂ ಆಗಲಿ ಎಂಬ ಲೆಕ್ಕ ಇಲ್ಲಿ ಸಲ್ಲದು. ಔಷಧಿ ಸವರಿದ ಬಿತ್ತನೆ ಬೀಜ ಉಳಿದಿದ್ದರೆ ಅದನ್ನು ದೂರವಿಡಿ. ಅವರೆ ಹೊಲಕ್ಕೆ ಔಷಧಿ ಹೊಡೆದ ದಿನ, ಮರುದಿನ ಕೋಳಿಗಳನ್ನು ಹಿತ್ತಲಲ್ಲೇ ಕೂಡಿಹಾಕಿ.

ಚಳಿಗೆ ಕೋಳಿ ನೀರು ಕಡಿಮೆ ಕುಡಿಯುತ್ತದೆ. ಮೊಟ್ಟೆಯ ಒಳಗಿರುವುದರಲ್ಲಿ ಮುಕ್ಕಾಲು ಪಾಲು ನೀರೇ. ಕುಡಿಯದಿದ್ದರೆ ಇಡುವುದೆಲ್ಲಿಂದ? ಬೆಳಗ್ಗೆ ಒಲೆಯ ಹಂಡೆಯಿಂದ ಒಂದು ಚೆಂಬು ಬಿಸಿನೀರು ಬೆರೆಸಿ ಉಗುರುಬೆಚ್ಚಗೆ ಮಾಡಿ ಇಟ್ಟು ನೋಡಿ. ಸುಣ್ಣದ ಅಂಶಕ್ಕೆ ಕಪ್ಪೆಚಿಪ್ಪಿನ ಪುಡಿ ಇಡಿ. ಅದಿಲ್ಲದಿದ್ದರೆ ಮೊಟ್ಟೆಯ ಸಿಪ್ಪೆಯನ್ನೇ ಹುರಿದು ಪುಡಿಮಾಡಿ ಹಾಕಿರಿ. ಹಸಿ ಸಿಪ್ಪೆಯನ್ನು ಹಾಗೇ ಎಸೆದರೆ ಅವು ತಮ್ಮ ಮೊಟ್ಟೆಯನ್ನೇ ಕುಕ್ಕುವುದನ್ನು ಕಲಿಯುತ್ತವೆ.

ಇಷ್ಟೆಲ್ಲ ಮಾಡಿದರೂ ಮೊಟ್ಟೆ ಕಡಿಮೆಯಾದೀತು. ಅದಕ್ಕೆ ಚಳಿಗಿಂತ ಹಗಲಿನ ಉದ್ದ ಹೆಚ್ಚು ಕಾರಣ. ಜೂನ್ ತಿಂಗಳಲ್ಲಿ ನಮ್ಮಲ್ಲಿ ಹಗಲು ಹತ್ತಿರ ಹತ್ತಿರ ಹದಿಮೂರು ಗಂಟೆ, ಡಿಸೆಂಬರಿನಲ್ಲಿ ಹನ್ನೊಂದು ಕಾಲು, ಹನ್ನೊಂದೂವರೆ. ಬೆಳಕು ಕಣ್ಣಿಗೆ ಬಿದ್ದಷ್ಟು ಹೊತ್ತು ಕೋಳಿಯ ಮೈಯಲ್ಲಿ ಮೊಟ್ಟೆಯ ಕೆಲಸ ಚುರುಕಾಗುತ್ತದೆ. ದೊಡ್ಡ ಫಾರಂಗಳಲ್ಲಿ ದೀಪ ಹಾಕಿ ಹದಿನಾರು ಗಂಟೆಯವರೆಗೆ ಬೆಳಕು ಕೊಡುತ್ತಾರೆ. ನಾಲ್ಕಾರು ನಾಟಿ ಕೋಳಿಗಾಗಿ ಕರೆಂಟು ಸುಡುವುದು ಲೆಕ್ಕಕ್ಕೆ ಬರುವುದಿಲ್ಲವೆಂದು ನನ್ನ ಅಭಿಪ್ರಾಯ. ಬೆಳಕು ಹರಿದ ಕೂಡಲೇ ಗೂಡು ತೆಗೆದರೆ ಸಾಕು. ಚಳಿಯೆಂದು ನಾವು ಎಂಟು ಗಂಟೆಗೆ ಎದ್ದು ಬಾಗಿಲು ತೆಗೆದರೆ ಮೊದಲೇ ಗಿಡ್ಡನೆಯ ಹಗಲನ್ನು ಇನ್ನೂ ಗಿಡ್ಡ ಮಾಡಿದಂತೆ.

ಬಿಸಿಲು ಬೀಳುವ ಕಡೆ ಒಂದು ಗುಂಡಿಯಲ್ಲಿ ಒಣ ಮಣ್ಣು, ಒಲೆಯ ಬೂದಿ ಬೆರೆಸಿ ಇಟ್ಟರೆ ಕೋಳಿಗಳು ಅದರಲ್ಲಿ ಹೊರಳಿ ಹೇನು ಕಳೆದುಕೊಳ್ಳುತ್ತವೆ. ಹೇನು ಹತ್ತಿದ ಕೋಳಿ ಚಳಿಗಾಲದಲ್ಲಿ ಬೇಗ ಸೊರಗುತ್ತದೆ.

ಮರಿಗಳ ಸಂಗತಿ ಬೇರೆ

ಮೇಲೆ ಹೇಳಿದ್ದೆಲ್ಲ ದೊಡ್ಡ ಕೋಳಿಗೆ. ಮರಿಗೆ ಚಳಿ ನಿಜವಾದ ಶತ್ರು. ಮೊಟ್ಟೆಯೊಡೆದ ಮರಿಯ ಮೈಮೇಲಿರುವುದು ನವಿರಾದ ತುಪ್ಪಳ, ಗರಿಯಲ್ಲ. ತನ್ನ ಕಾವನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಅದಕ್ಕೆ ಬರಬೇಕಾದರೆ ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ತಾಯಿಯ ರೆಕ್ಕೆಯೇ ಮನೆ.

ಬೇರೆ ಕಾಲದಲ್ಲಿ ಹನ್ನೆರಡು ಮೊಟ್ಟೆಗೆ ಕಾವು ಕೂರಿಸುವವರು ಮಾರ್ಗಶಿರ, ಪುಷ್ಯದಲ್ಲಿ ಎಂಟು ಒಂಬತ್ತಕ್ಕೆ ನಿಲ್ಲಿಸುವುದು ಲೇಸು. ಹೊಟ್ಟೆಯ ಗರಿಯಿಂದ ಹೊರಗುಳಿದ ಮೊಟ್ಟೆ ತಣ್ಣಗಾಗಿ ಕೆಡುತ್ತದೆ. ಕೋಳಿ ಮೊಟ್ಟೆಗಳನ್ನು ತಿರುಗಿಸಿ ಹೊರಳಿಸುವುದರಿಂದ ಇಂದು ಅಂಚಿನಲ್ಲಿದ್ದದ್ದು ನಾಳೆ ಒಳಗೆ ಹೋಗಿ ಬೇರೊಂದು ಅಂಚಿಗೆ ಬರುತ್ತದೆ. ಹೀಗೆ ಹೆಚ್ಚು ಇಟ್ಟಷ್ಟೂ ಕೆಡುವುದು ಹೆಚ್ಚು. ಒಂದು ವಾರಕ್ಕಿಂತ ಹಳೆಯ ಮೊಟ್ಟೆ ಇಡಬೇಡಿ. ಇಪ್ಪತ್ತೊಂದನೆಯ ದಿನ ಮರಿ ಹೊರಬಂದ ಮೇಲೆ ತಾಯಿ ಮರಿಗಳನ್ನು ಬೆಳಗ್ಗೆ ಬೇಗ ಹೊರಗೆ ಬಿಡಬೇಡಿ. ಇಬ್ಬನಿ ಬಿದ್ದ ಹುಲ್ಲಿನಲ್ಲಿ ತಾಯಿ ಕೆದಕುತ್ತಾ ಮುಂದೆ ಹೋಗುತ್ತದೆ, ಹಿಂದೆ ಓಡುವ ಮರಿಗಳ ಹೊಟ್ಟೆಯ ತುಪ್ಪಳ ನೆನೆದು ನಡುಕ ಹತ್ತುತ್ತದೆ. ದೊಡ್ಡ ಕೋಳಿಗಳನ್ನು ಬೆಳಕು ಹರಿದಾಗಲೇ ಬಿಡಿ. ಮರಿಯಿರುವ ತಾಯಿಯನ್ನು ಮಾತ್ರ ಇಬ್ಬನಿ ಆರುವವರೆಗೆ ಕುಕ್ಕೆಯಲ್ಲೇ ಇರಿಸಿ ಅಲ್ಲಿಯೇ ನುಚ್ಚು, ನೀರು ಕೊಡಿ.

ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ, ಸ್ವರ್ಣಧಾರ, ಹೈದರಾಬಾದಿನ ವನರಾಜ ಮುಂತಾದ ತಳಿಗಳ ಮರಿಗಳನ್ನು ಈಗ ಹಳ್ಳಿಗಳಲ್ಲಿ ಕೊಂಡು ಸಾಕುತ್ತಾರೆ. ಈ ಮರಿಗಳಿಗೆ ತಾಯಿಯಿಲ್ಲ. ನಾವೇ ತಾಯಿಯಾಗಬೇಕು. ಮೂಲೆಗಳಿಲ್ಲದಂತೆ ದುಂಡಗೆ ತಗಡನ್ನೋ ರಟ್ಟನ್ನೋ ಒಂದೂವರೆ ಅಡಿ ಎತ್ತರಕ್ಕೆ ನಿಲ್ಲಿಸಿ, ಒಳಗೆ ಹೊಟ್ಟು ಹರಡಿ, ನಡುವೆ ಬಲ್ಬು ತೂಗುಬಿಡಿ. ಮೂಲೆಯಿದ್ದರೆ ಚಳಿಗೆ ಅಲ್ಲಿ ಒಂದರ ಮೇಲೊಂದು ಬಿದ್ದು ಅಡಿಯವು ಉಸಿರುಗಟ್ಟಿ ಸಾಯುತ್ತವೆ. ಐವತ್ತು ಮರಿಗೆ ನೂರು ವಾಟಿನ ಬಲ್ಬು ಒಂದು ಲೆಕ್ಕ. ಇಲ್ಲಿ ಈಚೆಗೆ ಒಂದು ಮೋಸ ನಡೆಯುತ್ತಿದೆ. ಯಾರೂ ಬೇಕೆಂದು ಮಾಡಿದ್ದಲ್ಲ. ಹಿಂದೆ ಮನೆಯಲ್ಲಿದ್ದ ತಂತಿ ಕಾಯುವ ಹಳದಿ ಬಲ್ಬು ಬೆಳಕಿಗಿಂತ ಕಾವನ್ನೇ ಹೆಚ್ಚಾಗಿ ಕೊಡುತ್ತಿತ್ತು. ಈಗ ಮನೆಮನೆಯಲ್ಲಿರುವುದು ಎಲ್‌ಇಡಿ ಬಲ್ಬು. ಅದು ಬೆಳಕು ಕೊಡುತ್ತದೆ, ಮರಿಗೆ ಸಾಲುವಷ್ಟು ಕಾವು ಕೊಡುವುದಿಲ್ಲ. ಹಚ್ಚನೆಯ ಬೆಳಕಿನ ಕೆಳಗೆ ಮರಿಗಳು ನಡುಗುತ್ತಿರುತ್ತವೆ, ನಾವು ದೀಪ ಹಾಕಿದ್ದೇವೆಂದು ನೆಮ್ಮದಿಯಾಗಿ ಮಲಗಿರುತ್ತೇವೆ. ಮರಿಗಳಿಗೆಂದೇ ತಂತಿ ಕಾಯುವ ಬಲ್ಬನ್ನು ಕೇಳಿ ತನ್ನಿರಿ.

ಮೊದಲ ವಾರ ಬಲ್ಬಿನ ಕೆಳಗೆ ಮರಿಯ ಬೆನ್ನಿನ ಎತ್ತರದಲ್ಲಿ ೩೫ ಡಿಗ್ರಿ ಸೆಂಟಿಗ್ರೇಡ್, ಅಂದರೆ ೯೫ ಫ್ಯಾರನ್‌ಹೀಟ್ ಕಾವು ಇರಬೇಕು. ಆಮೇಲೆ ವಾರಕ್ಕೆ ಐದು ಫ್ಯಾರನ್‌ಹೀಟ್‌ನಂತೆ ಕಡಿಮೆ ಮಾಡುತ್ತಾ ಬರಬೇಕು. ಉಷ್ಣಮಾಪಕ ಇಲ್ಲವೆಂದು ಚಿಂತಿಸಬೇಡಿ, ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಗುಂಪುಗೂಡಿ ಕಿರುಚುತ್ತಿದ್ದರೆ ಚಳಿ, ಬಲ್ಬನ್ನು ಇಳಿಸಿ. ದೂರ ಸರಿದು ಬಾಯಿ ತೆರೆದು ಏದುತ್ತಿದ್ದರೆ ಬಿಸಿ, ಮೇಲೆತ್ತಿ. ಎಲ್ಲೆಡೆ ಹರಡಿಕೊಂಡು ತಿನ್ನುತ್ತಾ ಮಲಗುತ್ತಾ ಇದ್ದರೆ ಸರಿಯಾಗಿದೆ. ಈ ಪರೀಕ್ಷೆಯನ್ನು ಹಗಲಲ್ಲಿ ಮಾಡಿ ಸುಮ್ಮನಾಗದೆ ಬೆಳಗಿನ ಜಾವ ನಾಲ್ಕಕ್ಕೆ ಒಮ್ಮೆ ಎದ್ದು ನೋಡಿ. ಕರೆಂಟು ಹೋದರೆ ಬಿಸಿನೀರು ತುಂಬಿದ ಬಿಂದಿಗೆಗೆ ಬಾಯಿ ಕಟ್ಟಿ, ಗೋಣಿ ಸುತ್ತಿ ನಡುವೆ ಇಟ್ಟರೆ ಮರಿಗಳು ಅದರ ಸುತ್ತ ಅಂಟಿಕೊಂಡು ರಾತ್ರಿ ಕಳೆಯುತ್ತವೆ. ನೀರಿನ ತಟ್ಟೆ ಚೆಲ್ಲಿ ಹಾಸು ಒದ್ದೆಯಾಗದಂತೆ ನೋಡಿಕೊಳ್ಳಿ. ಹಿಕ್ಕೆಯಲ್ಲಿ ರಕ್ತ ಕಂಡರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ, ಅದಕ್ಕೆ ಔಷಧಿ ಇದೆ.

ಚಳಿಯ ಹೆಸರಿನಲ್ಲಿ ಬರುವ ರೋಗ

ಈಗ ಮೊದಲಿನ ಕುಕ್ಕೆಯ ವಿಷಯಕ್ಕೆ ಬರೋಣ. ಒಂದು, ಆಮೇಲೆ ಎರಡು, ಆಮೇಲೆ ಎಲ್ಲವೂ ಹೋದದ್ದು ಚಳಿಯಿಂದಲ್ಲ. ಬಹುಮಟ್ಟಿಗೆ ಅದು ಕೊಕ್ಕರೆ ರೋಗ. ೧೯೨೦ರ ದಶಕದ ಕೊನೆಯಲ್ಲಿ ನಮ್ಮ ದೇಶದಲ್ಲಿ ಇದನ್ನು ಹಿಮಾಲಯದ ತಪ್ಪಲಿನ ರಾಣಿಖೇತ್ ಎಂಬ ಊರಿನಲ್ಲಿ ಗುರುತಿಸಿದ್ದರಿಂದ ವೈದ್ಯರು ಇದನ್ನು ರಾಣಿಖೇತ್ ರೋಗ ಎನ್ನುತ್ತಾರೆ. ಕೋಳಿ ಮಂಕಾಗಿ ಜೋತುಬೀಳುತ್ತದೆ, ಹಸಿರು ಬಿಳಿ ಬೆರೆತ ನೀರಾದ ಹಿಕ್ಕೆ ಹಾಕುತ್ತದೆ, ಕತ್ತು ಚಾಚಿ ಬಾಯಿ ತೆರೆದು ಉಸಿರೆಳೆಯುತ್ತದೆ. ಕೆಲವಕ್ಕೆ ಕತ್ತು ತಿರುಚಿಕೊಳ್ಳುತ್ತದೆ, ಕಾಲು ರೆಕ್ಕೆ ಬೀಳುತ್ತವೆ. ಕೆಲವು ಯಾವ ಲಕ್ಷಣವೂ ಇಲ್ಲದೆ ಬೆಳಗ್ಗೆ ಸತ್ತಿರುತ್ತವೆ. ಬಂದ ಮೇಲೆ ಇದಕ್ಕೆ ಔಷಧಿಯಿಲ್ಲ. ಬೆಳ್ಳುಳ್ಳಿ, ಅರಿಶಿನ ಅರೆದು ಕುಡಿಸಿದರೆ ಕುಡಿಸಿದವರಿಗೆ ಸಮಾಧಾನ, ಅಷ್ಟೇ.

ಒಂದು ಸುಲಭವಾದ ಗುರುತನ್ನು ನೆನಪಿಡಿ. ಮುದಿಯಾದ, ಬಡಕಲಾದ ಒಂದು ಕೋಳಿ ಸತ್ತರೆ ಅದು ಬೇರೆ ಮಾತು. ಮೂರು ದಿನದೊಳಗೆ ಎರಡನೆಯದು ಸತ್ತಿತೆಂದರೆ ಚಳಿಯ ಮಾತು ಬಿಟ್ಟುಬಿಡಿ, ಪಶು ಆಸ್ಪತ್ರೆಗೆ ಹೋಗಿ.

ಚಳಿಗಾಲದಲ್ಲೇ ಇದು ಹೆಚ್ಚಾಗಿ ಕಾಣಲು ನಮ್ಮ ಓಡಾಟವೂ ಒಂದು ಕಾರಣ. ಸುಗ್ಗಿಯ ಕಾಲ, ಕೈಯಲ್ಲಿ ದುಡ್ಡಿರುವ ಕಾಲ, ಜಾತ್ರೆ ಶುರುವಾಗುವ ಕಾಲ. ಸಂತೆಯಿಂದ ಹುಂಜ ತರುತ್ತೇವೆ, ನೆಂಟರ ಮನೆಯಿಂದ ಯಾಟೆ ಕಟ್ಟಿಸಿಕೊಂಡು ಬರುತ್ತೇವೆ, ಬಂದದ್ದನ್ನು ಆ ರಾತ್ರಿಯೇ ನಮ್ಮ ಕುಕ್ಕೆಗೆ ಸೇರಿಸುತ್ತೇವೆ. ಹೊಸ ಕೋಳಿಯನ್ನು ಎರಡು ವಾರ ಬೇರೆ ಕಟ್ಟಿ, ಬೇರೆ ನೀರು ಕೊಟ್ಟು ನೋಡಿ, ಆಮೇಲೆ ಸೇರಿಸಬೇಕು. ಇನ್ನೊಂದು ಮಾತನ್ನು ಸ್ವಲ್ಪ ಸಂಕೋಚದಿಂದಲೇ ಬರೆಯಬೇಕಾಗಿದೆ. ತಮ್ಮ ಕುಕ್ಕೆಯಲ್ಲಿ ಎರಡು ಸತ್ತ ಕೂಡಲೇ ಉಳಿದವು ಸಾಯುವ ಮೊದಲು ದುಡ್ಡಾಗಲಿ ಎಂದು ಸಂತೆಗೆ ಒಯ್ಯುವವರು ನಮ್ಮಲ್ಲಿದ್ದಾರೆ. ಅವರ ಕಷ್ಟ ಅರ್ಥವಾಗುತ್ತದೆ. ಆದರೆ ಆ ಒಂದು ಬುಟ್ಟಿಯಿಂದ ನಾಲ್ಕು ಊರಿನ ಕುಕ್ಕೆಗಳು ಬರಿದಾಗುತ್ತವೆ. ಸತ್ತ ಕೋಳಿಯನ್ನು ತಿಪ್ಪೆಗೋ ಹಳ್ಳಕ್ಕೋ ಎಸೆಯಕೂಡದು. ನಾಯಿ, ಕಾಗೆಗಳು ಅದನ್ನು ಎಳೆದಾಡಿ ರೋಗ ಹರಡುತ್ತವೆ. ಮೂರಡಿ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿರಿ.

ಈ ರೋಗಕ್ಕೆ ಇರುವ ಒಂದೇ ಬೇಲಿ ಲಸಿಕೆ. ಮರಿಗೆ ಐದರಿಂದ ಏಳನೆಯ ದಿನದೊಳಗೆ ಎಫ್ ಅಥವಾ ಲಸೋಟ ಎಂಬ ಲಸಿಕೆಯ ಒಂದು ಹನಿಯನ್ನು ಕಣ್ಣಿಗೋ ಮೂಗಿಗೋ ಬಿಡುತ್ತಾರೆ. ನಾಲ್ಕನೆಯ ವಾರದಲ್ಲಿ ಲಸೋಟವನ್ನು ಮತ್ತೊಮ್ಮೆ ಕೊಡುತ್ತಾರೆ. ಎಂಟನೆಯ ವಾರ ರೆಕ್ಕೆಯ ಅಡಿಯ ಚರ್ಮದ ಕೆಳಗೆ ಆರ್-ಟು-ಬಿ ಎಂಬ ಬಲವಾದ ಲಸಿಕೆ ಚುಚ್ಚುತ್ತಾರೆ. ಮೊದಲಿನ ಎಳೆಯ ಲಸಿಕೆ ಹಾಕಿಸದೆ ಸಣ್ಣ ಮರಿಗೆ ಈ ಬಲವಾದದ್ದನ್ನು ಹಾಕಿದರೆ ಅದರಿಂದಲೇ ಕೆಡುಕಾಗಬಹುದು. ಆದಕಾರಣ ಯಾವುದನ್ನು ಹಾಕಿಸಿದ್ದೀರಿ, ಯಾವುದನ್ನು ಇಲ್ಲ ಎಂಬುದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿರಿ. ಸಿಡುಬಿನ ಲಸಿಕೆಯನ್ನೂ ಆರರಿಂದ ಎಂಟನೆಯ ವಾರದ ಸುಮಾರಿಗೆ ಹಾಕಿಸಬಹುದು. ಎರಡರ ನಡುವೆ ಎಷ್ಟು ದಿನ ಬಿಡಬೇಕೆಂಬುದನ್ನು ಅವರೇ ಹೇಳುತ್ತಾರೆ. ಲಸಿಕೆ ಹಾಕಿದ ದಿನವೇ ರಕ್ಷಣೆ ಬರುವುದಿಲ್ಲ, ಅದಕ್ಕೆ ಒಂದೆರಡು ವಾರ ಬೇಕು. ಆದ್ದರಿಂದ ದೊಡ್ಡ ಕೋಳಿಗಳಿಗೆ ದಸರಾ, ದೀಪಾವಳಿಗಳ ನಡುವೆ ಹಾಕಿಸುವುದು ಉತ್ತಮ. ಈಗಾಗಲೇ ಮಂಕಾಗಿರುವ ಕೋಳಿಗೆ ಹಾಕಿಸಬೇಡಿ.

ಹಕ್ಕಿಜ್ವರದ ಮಾತನ್ನೂ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಇದು ಮೊದಲು ಕಂಡದ್ದು ೨೦೦೬ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ೨೦೨೫ರ ಮೊದಲ ತಿಂಗಳುಗಳಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿಯೂ ಕಂಡುಬಂದಿತ್ತು. ವಲಸೆ ಬರುವ ನೀರುಹಕ್ಕಿಗಳು ಕೆರೆಗಳಲ್ಲಿ ಇಳಿಯುವ ಕಾಲವೂ ಇದೇ ಆದ್ದರಿಂದ ಕೋಳಿಗಳನ್ನು ಕೆರೆಯಂಗಳಕ್ಕೆ ಬಿಡದಿರುವುದು ಮೇಲು. ಒಮ್ಮೆಗೇ ಹಲವು ಕೋಳಿ ಸತ್ತರೆ, ಜುಟ್ಟು ನೀಲಿಗಟ್ಟಿದರೆ ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ, ಸತ್ತದ್ದನ್ನು ಕೊಯ್ದು ತಿನ್ನಬೇಡಿ. ಪಶು ಆಸ್ಪತ್ರೆಗೆ ಕೂಡಲೇ ತಿಳಿಸಿ. ಅಧಿಕಾರಿಗಳು ಬಂದು ಕೋಳಿಗಳನ್ನೆಲ್ಲ ಕೊಲ್ಲಿಸುತ್ತಾರೆಂದು ಹೆದರಿ ಮುಚ್ಚಿಡುವವರುಂಟು. ಹಾಗೆ ಕೊಲ್ಲಿಸಿದ ಕೋಳಿಗಳಿಗೆ ಸರ್ಕಾರ ಪರಿಹಾರ ಕೊಡುವ ಏರ್ಪಾಡಿದೆ. ತಾನಾಗಿ ಸತ್ತದ್ದಕ್ಕೆ ಅದು ಸಿಗುವುದಿಲ್ಲ.

ಲಸಿಕೆಯ ವಿಷಯದಲ್ಲಿ ಒಂದು ತೊಡಕಿದೆ. ಒಂದು ಸೀಸೆಯಲ್ಲಿ ನೂರು ಕೋಳಿಗೋ ಇನ್ನೂ ಹೆಚ್ಚಿಗೋ ಆಗುವಷ್ಟು ಮದ್ದಿರುತ್ತದೆ. ಒಮ್ಮೆ ಕಲಸಿದರೆ ಎರಡು ಗಂಟೆಯೊಳಗೆ ಮುಗಿಸಬೇಕು. ಅಲ್ಲಿಯವರೆಗೆ ಮಂಜುಗಡ್ಡೆಯ ಫ್ಲಾಸ್ಕಿನಲ್ಲಿ ತಣ್ಣಗಿರಬೇಕು. ಏಳು ಕೋಳಿಯವರು ಒಬ್ಬರೇ ಹೋಗಿ ಕೇಳಿದರೆ ಒಂದು ಸೀಸೆ ಒಡೆಯಲು ಯಾರಿಗಾದರೂ ಮನಸ್ಸು ಬಾರದು. ಆದ್ದರಿಂದ ಕೇರಿಯವರು ಸೇರಿಯೇ ಇದನ್ನು ಮಾಡಬೇಕು. ನಿಮ್ಮ ಸ್ತ್ರೀಶಕ್ತಿ ಸಂಘದ ಮುಂದಿನ ಸಭೆಯಲ್ಲಿ ಯಾರ ಮನೆಯಲ್ಲಿ ದೊಡ್ಡವು ಎಷ್ಟು, ಮರಿ ಎಷ್ಟು, ಅವಕ್ಕೆ ಎಷ್ಟು ವಾರವಾಯಿತು ಎಂದು ಕೇಳಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನೂರರ ಹತ್ತಿರ ಬಂದಾಗ ಆ ಹಾಳೆಯೊಂದಿಗೆ ಪಶು ಆಸ್ಪತ್ರೆಗೆ ಹೋಗಿ ದಿನ ಗೊತ್ತುಮಾಡಿಕೊಳ್ಳಿ. ಹಿಂದಿನ ಸಂಜೆ ಎಲ್ಲರೂ ಕೋ­ಳಿಗಳನ್ನು ಮುಚ್ಚಿಟ್ಟು, ಬೆಳಗ್ಗೆ ವೈದ್ಯರು ಬಂದು ಕೆಲಸ ಮುಗಿಯುವವರೆಗೆ ಗೂಡು ತೆಗೆಯದಿರಿ. ಒಮ್ಮೆ ಹೊರಗೆ ಬಿಟ್ಟರೆ ನಾಟಿ ಕೋಳಿಯನ್ನು ಮತ್ತೆ ಹಿಡಿಯುವ ಹೊತ್ತಿಗೆ ಆ ಎರಡು ಗಂಟೆ ಕಳೆದಿರುತ್ತದೆ.